ಲ್ಯುಕೇಮಿಯಾ ವರದಿಯಲ್ಲಿ ರಂಕ್ಸ್-1 ಕಂಡುಬಂದರೆ ಅದನ್ನು ಓದುವ ಬಗೆ

ಆರ್, ಯು, ಎನ್, ಎಕ್ಸ್ ಎಂಬ ನಾಲ್ಕು ಅಕ್ಷರಗಳ ಪಕ್ಕದಲ್ಲಿ 1 ಎಂಬ ಅಂಕಿಯಿರುವ ವಂಶವಾಹಿಯ ಹೆಸರನ್ನು ‘ರಂಕ್ಸ್-1’ ಎಂದು ಓದುತ್ತಾರೆ. ಅಸ್ಥಿಮಜ್ಜೆಯ ಆನುವಂಶಿಕ ಪರೀಕ್ಷೆಯ ವರದಿಯಲ್ಲಿ ಈ ಹೆಸರು ಕಂಡ ಮನೆಯವರು ಅದನ್ನು ಅಂತರ್ಜಾಲದಲ್ಲಿ ಹುಡುಕಿದರೆ, ಒಂದು ಕಡೆ ಇದು ಒಳ್ಳೆಯ ಲಕ್ಷಣವೆಂದೂ ಇನ್ನೊಂದು ಕಡೆ ಕೆಟ್ಟ ಲಕ್ಷಣವೆಂದೂ ಬರೆದಿರುತ್ತದೆ. ಎರಡೂ ಸುಳ್ಳಲ್ಲ. ಹೆಸರನ್ನಷ್ಟೇ ನೋಡಿ ಏನನ್ನೂ ನಿರ್ಧರಿಸಬಾರದು. ಆ ವಂಶವಾಹಿಗೆ ಏನಾಗಿದೆ ಮತ್ತು ಹಾಗಾಗಿರುವುದು ರೋಗಗ್ರಸ್ತ ಕೋಶಗಳಲ್ಲಿ ಮಾತ್ರವೋ ಇಡೀ ದೇಹದಲ್ಲಿಯೋ ಎಂಬುದನ್ನು ನೋಡಬೇಕು.

ರಂಕ್ಸ್-1 ಇರುವುದು 21ನೇ ವರ್ಣತಂತುವಿನಲ್ಲಿ. ಇದು ತಯಾರಿಸುವ ಪ್ರೋಟೀನು ಡಿಎನ್‌ಎಯ ನಿರ್ದಿಷ್ಟ ಜಾಗಗಳಿಗೆ ಅಂಟಿಕೊಂಡು, ಬೇರೆ ವಂಶವಾಹಿಗಳ ಪ್ರತಿಲೇಖನ, ಅಂದರೆ ಡಿಎನ್‌ಎಯಿಂದ ಆರ್‌ಎನ್‌ಎ ನಕಲು ತೆಗೆಯುವ ಕೆಲಸ, ಎಲ್ಲಿ ನಡೆಯಬೇಕು ಮತ್ತು ಎಲ್ಲಿ ನಿಲ್ಲಬೇಕು ಎಂಬುದನ್ನು ನಿಯಂತ್ರಿಸುತ್ತದೆ. ಭ್ರೂಣದಲ್ಲಿ ರಕ್ತದ ಮೂಲಕೋಶಗಳು ಹುಟ್ಟುವುದಕ್ಕೆ ಇದು ಬೇಕೇ ಬೇಕು. ಇದು ಕೆಟ್ಟಾಗ ಎಳೆಯ ರಕ್ತಕೋಶಗಳು ಬಲಿಯದೆ ಅರ್ಧದಲ್ಲೇ ಉಳಿಯುತ್ತವೆ. ಲ್ಯುಕೇಮಿಯಾಕ್ಕೆ, ಅಂದರೆ ರಕ್ತದ ಕ್ಯಾನ್ಸರಿಗೆ, ದಾರಿಯಾಗುವುದು ಅಲ್ಲಿಯೇ. ಹಳೆಯ ವರದಿಗಳಲ್ಲಿ ಎಎಂಎಲ್1 ಎಂದಿದ್ದರೆ ಅದೂ ಇದೇ ವಂಶವಾಹಿ.

ಮೊದಲು ವರದಿಯಲ್ಲಿ ಈ ಹೆಸರು ಒಂಟಿಯಾಗಿದೆಯೋ ಇನ್ನೊಂದು ವಂಶವಾಹಿಯ ಹೆಸರಿನೊಡನೆ ಜೋಡಿಯಾಗಿದೆಯೋ ನೋಡಿ. ಜೋಡಿಯಾಗಿದ್ದರೆ ಎರಡು ವರ್ಣತಂತುಗಳು ತುಂಡಾಗಿ ಅದಲುಬದಲಾಗಿ ಬೆಸೆದುಕೊಂಡಿವೆ ಎಂದರ್ಥ. 8 ಮತ್ತು 21ನೇ ವರ್ಣತಂತುಗಳ ನಡುವಿನ ಇಂಥ ವಿನಿಮಯವನ್ನು ಅಮೆರಿಕದ ತಳಿವಿಜ್ಞಾನಿ ಜಾನೆಟ್ ರೌಲಿ 1973ರಲ್ಲಿ ಗುರುತಿಸಿದರು. ಅಲ್ಲಿ ಹುಟ್ಟುವ ರಂಕ್ಸ್1-ರಂಕ್ಸ್1ಟಿ1 ಬೆಸುಗೆ ತೀವ್ರ ಮೈಲಾಯ್ಡ್ ಲ್ಯುಕೇಮಿಯಾದಲ್ಲಿ ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸುವ ಗುಂಪಿಗೆ ಸೇರುತ್ತದೆ. ಮಕ್ಕಳ ಬಿ-ಕೋಶದ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದಲ್ಲಿ ಕಾಣುವ ಇಟಿವಿ6-ರಂಕ್ಸ್1 ಬೆಸುಗೆಯೂ ಶುಭಸೂಚಕವೇ. ಆದರೆ ಇದು ಸಾಮಾನ್ಯ ವರ್ಣತಂತು ಪರೀಕ್ಷೆಯಲ್ಲಿ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಮಗುವಿನ ವರದಿಯಲ್ಲಿ ವರ್ಣತಂತುಗಳು ಸಹಜವಾಗಿವೆ ಎಂದಷ್ಟೇ ಇದ್ದರೆ, ನಿರ್ದಿಷ್ಟ ವಂಶವಾಹಿಯ ಬದಲಾವಣೆಯನ್ನೇ ನೇರವಾಗಿ ಹುಡುಕುವ ಫಿಶ್ ಅಥವಾ ಪಿಸಿಆರ್ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಅದೇ ಫಿಶ್ ಪರೀಕ್ಷೆಯಲ್ಲಿ ಬೆಸುಗೆ ಇಲ್ಲದೆ, ಒಂದೇ 21ನೇ ವರ್ಣತಂತುವಿನ ಮೇಲೆ ರಂಕ್ಸ್-1ರ ಹಲವು ಪ್ರತಿಗಳು ಸಾಲುಗಟ್ಟಿರುವುದು ಕಂಡರೆ ಅದು ಬೇರೆಯೇ ಸಂಗತಿ. ಅಂಥ ಮಕ್ಕಳಿಗೆ ಹೆಚ್ಚು ತೀವ್ರವಾದ ಚಿಕಿತ್ಸೆ ಬೇಕಾಗುತ್ತದೆ.

ಹೆಸರು ಒಂಟಿಯಾಗಿದ್ದು, ಅದರ ಮುಂದೆ ಸಿ ಅಥವಾ ಪಿ ಅಕ್ಷರದಿಂದ ಆರಂಭವಾಗುವ ಸಂಕೇತವಿದ್ದರೆ ಅದು ವಂಶವಾಹಿಯ ಒಳಗಿನ ರೂಪಾಂತರ. ಸಿ ಡಿಎನ್‌ಎಯ ಬದಲಾವಣೆಯನ್ನೂ, ಪಿ ಪ್ರೋಟೀನಿನ ಬದಲಾವಣೆಯನ್ನೂ ಹೇಳುತ್ತದೆ. ಇಲ್ಲಿ ಬಹಳ ಮಂದಿ ತಡವರಿಸುವ ಒಂದು ವಿಷಯವಿದೆ. ಈ ಪ್ರೋಟೀನಿನ ಒಂದು ರೂಪದಲ್ಲಿ 480, ಇನ್ನೊಂದರಲ್ಲಿ 453 ಅಮೈನೋ ಆಮ್ಲಗಳಿರುವುದರಿಂದ, ಒಂದು ವರದಿ 201ನೇ ಸ್ಥಾನ ಎಂದಿದ್ದನ್ನು ಮತ್ತೊಂದು 174ನೇ ಸ್ಥಾನ ಎನ್ನಬಹುದು. ಅಂಕಿಗಳ ಅಂತರ ಸರಿಯಾಗಿ 27 ಆಗಿದ್ದು, ಅಮೈನೋ ಆಮ್ಲದ ಬದಲಾವಣೆಯೂ ಒಂದೇ ಆಗಿದ್ದರೆ, ಎರಡು ದೋಷಗಳಿವೆ ಎಂದು ಗಾಬರಿಪಡಬೇಕಾಗಿಲ್ಲ. ಮೈಲಾಯ್ಡ್ ಲ್ಯುಕೇಮಿಯಾದಲ್ಲಿ ಇಂಥ ರೂಪಾಂತರವನ್ನು, ಜೊತೆಗೆ ಶುಭಸೂಚಕ ಬದಲಾವಣೆ ಇಲ್ಲದಿದ್ದಾಗ, ತಜ್ಞರ ಜಾಲವಾದ ಯುರೋಪಿಯನ್ ಲ್ಯುಕೇಮಿಯಾ ನೆಟ್‌ನ 2022ರ ವರ್ಗೀಕರಣ ಪ್ರತಿಕೂಲವೆಂದು ಪರಿಗಣಿಸುತ್ತದೆ. ಅರ್ಥ ನಿಶ್ಚಿತವಿಲ್ಲದ ರೂಪಾಂತರ ಎಂದು ಬರೆದಿದ್ದರೆ ಅದನ್ನು ಹಾಗೆಯೇ ಸ್ವೀಕರಿಸಿ, ದೋಷವೆಂದು ಓದಬೇಡಿ.

ಇನ್ನು ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವ, ಆದರೆ ಅವಸರದಲ್ಲಿ ಕೈತಪ್ಪುವ ಪ್ರಶ್ನೆ: ಈ ರೂಪಾಂತರ ಹುಟ್ಟಿನಿಂದ ಬಂದದ್ದೇ? ಪ್ಲೇಟ್‌ಲೆಟ್ ಕೊರತೆಯ ಜೊತೆಗೆ ಲ್ಯುಕೇಮಿಯಾ ಕಾಣಿಸಿಕೊಳ್ಳುವ ಕೆಲವು ಕುಟುಂಬಗಳಲ್ಲಿ ರಂಕ್ಸ್-1ರ ದೋಷ ತಲೆಮಾರಿನಿಂದ ತಲೆಮಾರಿಗೆ ಹರಿದು ಬರುತ್ತದೆ ಎಂಬುದು 1999ರಲ್ಲಿ ತಿಳಿಯಿತು. ತಂದೆ ಅಥವಾ ತಾಯಿಯಲ್ಲಿ ಅದು ಇದ್ದರೆ ಪ್ರತಿ ಮಗುವಿಗೂ ದಾಟುವ ಸಂಭವ ಅರ್ಧದಷ್ಟು. ಇರುವವರಿಗೆಲ್ಲ ಲ್ಯುಕೇಮಿಯಾ ಬರುವುದಿಲ್ಲ, ಆದರೂ ಅವರ ಮೇಲೆ ನಿಗಾ ಇಡಬೇಕಾಗುತ್ತದೆ. ವರದಿಯಲ್ಲಿ ರೂಪಾಂತರದ ಪ್ರಮಾಣ, ಅಂದರೆ ಓದಿದ ಆ ವಂಶವಾಹಿಯ ಪ್ರತಿಗಳಲ್ಲಿ ಬದಲಾದವುಗಳ ಪಾಲು, ಶೇಕಡಾ 50ರ ಆಸುಪಾಸಿನಲ್ಲಿದ್ದರೆ ಸಂಶಯಕ್ಕೆ ಕಾರಣವಿದೆ. ಚಿಕಿತ್ಸೆಯ ಬಳಿಕ ರೋಗ ಹತೋಟಿಗೆ ಬಂದರೂ ಪ್ರಮಾಣ ಅಷ್ಟೇ ಉಳಿದಿದ್ದರೆ ಸಂಶಯ ಗಟ್ಟಿಯಾಗುತ್ತದೆ. ರಕ್ತದಲ್ಲಿಯೂ ಎಂಜಲಿನಲ್ಲಿಯೂ ರೋಗಗ್ರಸ್ತ ಕೋಶಗಳು ಬೆರೆತಿರುವುದರಿಂದ, ಖಚಿತಪಡಿಸಿಕೊಳ್ಳಲು ಚರ್ಮದ ಸಣ್ಣ ತುಣುಕಿನಿಂದ ಬೆಳೆಸಿದ ಕೋಶಗಳನ್ನು ಪರೀಕ್ಷಿಸುತ್ತಾರೆ.

ಅದಕ್ಕೂ ಮೊದಲು ಮನೆಯ ಹಿರಿಯರನ್ನು ವಿಚಾರಿಸಿ. ನಮ್ಮಲ್ಲಿ ಪ್ಲೇಟ್‌ಲೆಟ್ ಕಡಿಮೆ ಎಂದೊಡನೆ ಡೆಂಗೆ ಜ್ವರದ ನೆನಪಾಗುತ್ತದೆ. ಆದ್ದರಿಂದ ಜ್ವರವಿಲ್ಲದ ದಿನಗಳಲ್ಲಿಯೂ ಎಣಿಕೆ ಕಡಿಮೆಯಿತ್ತೇ, ಹಲ್ಲು ಕೀಳಿಸಿದಾಗ ಅಥವಾ ಹೆರಿಗೆಯಲ್ಲಿ ರಕ್ತ ನಿಲ್ಲದೆ ಹರಿದಿತ್ತೇ, ಸಣ್ಣ ಪೆಟ್ಟಿಗೂ ಮೈ ನೀಲಿಗಟ್ಟುತ್ತಿತ್ತೇ ಎಂದು ಬಿಡಿಸಿ ಕೇಳಬೇಕು. ಉತ್ತರಗಳನ್ನು ಹೆಸರು, ಸಂಬಂಧ, ವಯಸ್ಸಿನೊಡನೆ ಬರೆದುಕೊಂಡು ವೈದ್ಯರಿಗೆ ಕೊಡಿ. ಅಸ್ಥಿಮಜ್ಜೆ ಕಸಿಗೆ ಅಣ್ಣತಮ್ಮಂದಿರು ಅಥವಾ ಅಕ್ಕತಂಗಿಯರು ದಾನಿಯಾಗಲು ಮುಂದೆ ಬಂದಿದ್ದರೆ, ಹೊಂದಾಣಿಕೆಯ ಪರೀಕ್ಷೆಯ ಜೊತೆಗೇ ಅವರಲ್ಲಿ ಈ ರೂಪಾಂತರ ಇದೆಯೇ ಎಂಬುದನ್ನೂ ಪರೀಕ್ಷಿಸಲು ಕೇಳಿಕೊಳ್ಳಿ. ಆರೋಗ್ಯವಾಗಿ ಕಾಣುವ ಒಡಹುಟ್ಟಿದವರಲ್ಲಿಯೂ ಅದು ಇರಬಹುದು, ಮತ್ತು ಅವರ ಮಜ್ಜೆಯೊಂದಿಗೆ ಅದೇ ದೋಷ ರೋಗಿಯ ದೇಹಕ್ಕೆ ಮರಳಿ ಸೇರಬಹುದು.