ಒಂದೇ ಬೇರಿನ ಇಂಗ್ಲಿಷ್ ಪದಗಳನ್ನು ಕಲಿಯುವುದು ಹೇಗೆ?

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಲ್ಯಾಟಿನ್ ಧಾತುಗಳ ಪಟ್ಟಿ ಹಿಡಿದು ಉರು ಹೊಡೆಯುವುದನ್ನು ನೋಡುತ್ತಲೇ ಇದ್ದೇನೆ. ‘ಜೆಕ್ಟ್ ಎಂದರೆ ಎಸೆಯುವುದು’ ಎಂದು ಥಟ್ಟನೆ ಹೇಳುತ್ತಾರೆ. ಹಾಗಾದ್ರೆ ಸಬ್ಜೆಕ್ಟ್‌ನಲ್ಲಿ ಯಾರು ಏನನ್ನು ಎಸೆದರು ಎಂದು ಕೇಳಿದರೆ ಪೆಚ್ಚಾಗುತ್ತಾರೆ. ‘ವಾರದಲ್ಲಿ ಸಾವಿರ ಪದ’ ಎನ್ನುವ ಪುಸ್ತಕಗಳನ್ನು ಮೊದಲು ಅಟ್ಟಕ್ಕೆ ಹಾಕಿ. ಒಂದು ಸಲಕ್ಕೆ ಒಂದೇ ಧಾತು ಸಾಕು.

ಹೆಜ್ಜೆ 1: ಗೊತ್ತಿರುವ ಪದಗಳನ್ನೇ ಬರೆದುಕೊಳ್ಳಿ. ಇಂಜೆಕ್ಟ್, ರಿಜೆಕ್ಟ್, ಪ್ರಾಜೆಕ್ಟ್, ಆಬ್ಜೆಕ್ಟ್, ಸಬ್ಜೆಕ್ಟ್. ಎಲ್ಲಕ್ಕೂ ಮೂಲ ಲ್ಯಾಟಿನ್‌ನ ‘ಯಾಕೆರೆ’, ಅಂದರೆ ಎಸೆಯುವುದು.

ಹೆಜ್ಜೆ 2: ಮುಂದಿನ ತುಂಡನ್ನು ಬಿಡಿಸಿ. ಇನ್ ಒಳಗೆ, ರಿ ಹಿಂದಕ್ಕೆ, ಪ್ರೊ ಮುಂದಕ್ಕೆ, ಆಬ್ ಎದುರಿಗೆ, ಸಬ್ ಕೆಳಗೆ.

ಹೆಜ್ಜೆ 3: ಎಸೆತದಿಂದ ಇವತ್ತಿನ ಅರ್ಥದವರೆಗೆ ದಾರಿ ಹುಡುಕಿ. ಎಲ್ಲರೂ ಎಡವುವುದು ಇಲ್ಲೇ, ಅವಸರ ಬೇಡ. ರಿಜೆಕ್ಟ್ ಸುಲಭ, ಹಿಂದಕ್ಕೆ ಎಸೆದದ್ದು. ಪ್ರೊಜೆಕ್ಟರ್ ಬೆಳಕನ್ನು ಮುಂದಕ್ಕೆ, ಪರದೆ ಮೇಲೆ ಎಸೆಯುತ್ತದೆ. ಪ್ರಾಜೆಕ್ಟ್‌ನಲ್ಲಿ ಮುಂದಕ್ಕೆ ಹೋಗುವುದು ಯೋಚನೆ.

ಆಬ್ಜೆಕ್ಟ್‌ಗೆ ಎರಡು ದಾರಿ. ಕಣ್ಣೆದುರು ಬಿದ್ದದ್ದು ವಸ್ತು. ಮಾತಿಗೆ ಅಡ್ಡ ಎಸೆದದ್ದು ಆಬ್ಜೆಕ್ಷನ್, ನಮ್ಮ ಆಕ್ಷೇಪ. ತಮಾಷೆ ನೋಡಿ, ಆಕ್ಷೇಪದೊಳಗೂ ಎಸೆತವೇ ಇದೆ. ಸಂಸ್ಕೃತದ ‘ಕ್ಷಿಪ್’ ಧಾತುವಿಗೂ ಎಸೆ ಎಂದೇ ಅರ್ಥ. ಸಂಕ್ಷೇಪ, ಹಸ್ತಕ್ಷೇಪ, ಕೊನೆಗೆ ಕ್ಷಿಪಣಿಯೂ ಅದೇ ಮನೆಯವು. ದಾರಿ ಸಿಗದಿದ್ದಾಗ ಕನ್ನಡದಲ್ಲಿ ಹೀಗೆ ಜೋಡಿ ಹುಡುಕಿ, ಬೇಗ ತಲೆಗೆ ಹತ್ತುತ್ತದೆ.

ಇನ್ನು ಸಬ್ಜೆಕ್ಟ್. ಕೆಳಗೆ ಹಾಕಲ್ಪಟ್ಟವನು ರಾಜನ ಅಧೀನದ ಪ್ರಜೆ. ಅದು ಸರಿ, ಗಣಿತ ಹೇಗೆ ಸಬ್ಜೆಕ್ಟ್ ಆಯಿತು? ಅರಿಸ್ಟಾಟಲ್ ಗ್ರೀಕಿನಲ್ಲಿ ‘ಅಡಿಯಲ್ಲಿರುವುದು’ ಎಂಬ ಪದ ಬಳಸಿದ್ದ. ಅದನ್ನು ಲ್ಯಾಟಿನ್‌ಗೆ ತಂದವರು ‘ಸುಬ್ಯೆಕ್ಟುಮ್’ ಎಂದರು. ಮಾತಿಗೆ ತಳಹದಿಯಾಗಿ ಕೆಳಗಿರುವುದೇ ವಿಷಯ. ವ್ಯಾಕರಣದ ಸಬ್ಜೆಕ್ಟ್ ಬಂದದ್ದೂ ಈ ದಾರಿಯಲ್ಲೇ.

ಹೆಜ್ಜೆ 4: ವೇಷ ಬದಲಿಸಿದವರನ್ನು ಹಿಡಿಯಿರಿ. ‘ಜೆಟ್’ನಲ್ಲಿ ಜೆಕ್ಟ್ ಕಾಣುವುದಿಲ್ಲ, ಆದರೂ ಫ್ರೆಂಚ್ ಸುತ್ತಿಕೊಂಡು ಬಂದ ಅದೇ ಕುಟುಂಬದ ಪದ. ಉಲ್ಟಾ ಕೇಸೂ ಉಂಟು. ಸೈಕಲ್ಲಿನ ಪೆಡಲ್ ಲ್ಯಾಟಿನ್‌ನ ಪಾದದಿಂದ ಬಂತು. ಮಕ್ಕಳ ಡಾಕ್ಟರನ್ನು ಪೀಡಿಯಾಟ್ರಿಷಿಯನ್ ಅನ್ನುತ್ತೇವಲ್ಲ, ಅಲ್ಲಿರುವುದು ಮಗು ಎಂಬ ಗ್ರೀಕ್ ಪದ. ಸ್ಪೆಲಿಂಗ್ ಒಂದೇ ಥರ ಇದೆ ಅಂತ ಸುಮ್ನೆ ನೆಂಟಸ್ತನ ಕಟ್ಟಬೇಡಿ.

ಅನುಮಾನ ಬಂದರೆ ಪದದ ಹುಟ್ಟು ಕೊಡುವ ಒಳ್ಳೆಯ ನಿಘಂಟನ್ನೇ ನೋಡಿ. ವಾಟ್ಸ್ಆ್ಯಪ್ ಫಾರ್ವರ್ಡ್ ನಂಬಲೇಬೇಡಿ. ‘ನ್ಯೂಸ್’ ಎಂದರೆ ನಾರ್ತ್, ಈಸ್ಟ್, ವೆಸ್ಟ್, ಸೌತ್ ಎಂಬ ಕಥೆ ಇನ್ನೂ ಓಡಾಡುತ್ತಿದೆ. ಅದು ಬಂದದ್ದು ‘ನ್ಯೂ’ ಎಂಬುದರಿಂದ, ಅಷ್ಟೇ.

ಹೆಜ್ಜೆ 5: ಪ್ರತಿ ಪದಕ್ಕೂ ನಿಮ್ಮದೇ ಒಂದು ವಾಕ್ಯ ಬರೆಯಿರಿ. ಗೈಡಿನದು ಬೇಡ.

ಮುಂದಿನ ಧಾತುವಾಗಿ ನೋಡುವುದು ಎಂಬ ಅರ್ಥದ ‘ಸ್ಪೆಕ್ಟ್’ ತೆಗೆದುಕೊಳ್ಳಿ. ಇನ್‌ಸ್ಪೆಕ್ಟರ್, ಸಸ್ಪೆಕ್ಟ್, ರೆಸ್ಪೆಕ್ಟ್ ಮೂರರಿಂದ ಶುರು ಮಾಡಿ. ‘ಪೋರ್ಟ್’ ಆಮೇಲಿರಲಿ. ಹೊರುವ ಪೋರ್ಟರ್ ಒಂದು ಪದದಿಂದ, ಏರ್‌ಪೋರ್ಟ್‌ನ ಪೋರ್ಟ್ ಬಂದರು ಎಂಬ ಇನ್ನೊಂದು ಪದದಿಂದ ಬಂದವು. ಹೊಸಬರು ಅಲ್ಲಿ ಸಿಕ್ಕಿಹಾಕಿಕೊಳ್ಳುವುದೇ ಜಾಸ್ತಿ.