ಹಾಕಿ ಡಿಫೆನ್ಸ್ ಹುಡುಗ್ರನ್ನ ನಾ ಹೆಂಗ ಆರಿಸ್ತೀನಿ: ಪುಣೆ ರಿಂಕ್‌ನಿಂದ ನನ್ನ ಅನುಭವ

ಪುಣೆದಾಗ ನಾವು ಗಾಲಿ ಸ್ಕೇಟ್ಸ್ ಮ್ಯಾಲ ಆಡೂ ಇನ್‌ಲೈನ್ ಹಾಕಿ ಕಲಿಸ್ತೀವಿ, ಆರಿಸಿದ ಹುಡುಗ್ರನ್ನ ಲೇಹ್‌ನ ಐಸ್ ಹಾಕಿ ಕ್ಯಾಂಪಿಗೆ ಕಳಸ್ತೀವಿ. ಆ ಕ್ಯಾಂಪ್ ಮುಗಿದ ಮ್ಯಾಲ ಭಾಳ ಮಂದಿ ಮೆಸೇಜ್ ಮಾಡ್ಲಿಕ್ಕತ್ತಾರ, ಆ ಸಣ್ಣ ಹುಡುಗನ್ನ ಡಿಫೆನ್ಸ್‌ಗೆ ಹೆಂಗ ಆರಿಸಿದ್ರಿ ಸರ್ ಅಂತ. ಇದ ಮಂದಿ ಪುಣೆ ಟ್ರಯಲ್ಸ್‌ನ್ಯಾಗ "ಆ ಕಡ್ಡಿ ಐಸ್ ಮ್ಯಾಲ ಒಂದ ಧಕ್ಕಿಗೆ ಬೀಳ್ತಾನ ಬಿಡ್ರಿ" ಅಂದಿದ್ರು. ಬೀಳ್ಲಿಲ್ಲ. ಉಳಿದವ್ರಕಿಂತ ಹೆಚ್ಚು ಹೊತ್ತು ಅವನ್ನ ಆಡಿಸಿದ್ರು.

ಮೊದಲ ಎಲ್ಲಾರೂ ಕೋನ್ ಇಟ್ಟು, ಸ್ಟಾಪ್‌ವಾಚ್ ಹಿಡದು, ಹಿಂದಕ್ಕ ಸ್ಕೇಟ್ ಮಾಡೂ ಟೈಮ್ ನೋಡಿ ಆರಿಸ್ತಿದ್ವಿ. ಕೋನ್ ಯಾರ ಮ್ಯಾಲೂ ಪ್ರೆಶರ್ ಹಾಕೂದಿಲ್ಲ, ಹಂಗಾಗಿ ಆ ಟೈಮಿಗೂ ಮ್ಯಾಚಿಗೂ ಸಂಬಂಧನ ಇರ್ತಿದ್ದಿಲ್ಲ. ಆಮ್ಯಾಲ ಒಂದು ವಿಡಿಯೋ ಸಾಫ್ಟ್‌ವೇರ್‌ಗೆ ವರ್ಷಕ್ಕ ಸುಮಾರು 18 ಸಾವಿರ ಸುರದ್ವಿ. ಅದು ಐಸ್ ಹಾಕಿಗೆ ಮಾಡಿದ್ದು, ನಮ್ಮ ಇನ್‌ಲೈನ್‌ದಾಗ ಗೋಲ್‌ಕೀಪರ್ ಬಿಟ್ರ ನಾಕ ಮಂದಿ, ಐಸ್ ಹಾಕಿದಾಗಿನ ಬ್ಲೂ ಲೈನ್, ಐಸಿಂಗ್ ಅನ್ನೂ ರೂಲ್ಸ್ ಇಲ್ಲ, ಮೈಯಿಂದ ಧಕ್ಕಿ ಕೊಡೂ ಬಾಡಿ ಚೆಕ್ ಇಲ್ಲ, ಸಾಫ್ಟ್‌ವೇರ್‌ನ ಅರ್ಧ ಕಾಲಂ ಖಾಲಿನ. ರೊಕ್ಕ ನೀರಾಗ ಹೋತು.

ಈಗ ಒಂದ ಫೋನ್, ನಮ್ಮ ಗೋಲ್ ಹಿಂದಿನ ಜಾಳಿಗಿ ಮ್ಯಾಲ ಎತ್ತರಕ್ಕ ಕಟ್ಟೂದು, ಒಂದ ನೋಟ್‌ಬುಕ್. ಪಕ್ (ಚೆಂಡಿನ ಬದ್ಲಿ ಆಡೂ ಚಪ್ಪಟಿ ಬಿಲ್ಲಿ) ನಮ್ಮ ಮೂಲಿಗೆ ಬಂತು, ಹುಡುಗ ತರಾಕ ಹೊಂಟ, ಮುಟ್ಟೂಕಿಂತ ಮೊದಲ ಹೆಗಲ ಮ್ಯಾಲಿಂದ ಹಿಂದ ಎಷ್ಟ ಸಲ ನೋಡಿದ? ಅಷ್ಟ ಎಣಿಸ್ತೀನಿ. ಸೊನ್ನಿ ಇದ್ದವ ಎಷ್ಟ ಜೋರ್ ಇದ್ರೂ ರಿಂಕ್ ಸುತ್ತಲಿನ ಬೋರ್ಡಿಗೆ ಹೊಡದು ಪಕ್ ಕಳಕೋತಾನ, ಎರಡ ಸಲ ನೋಡಿದವಗ ಮೊದಲ ಪಾಸ್ ಹತ್ತರಾಗ ಆರೇಳು ಸೀದಾ ಜೊತಿಗಾರನ ಸ್ಟಿಕ್‌ಗೆ ಹೋಗ್ತದ. ಆ ಕಡ್ಡಿ ಹುಡುಗಗ ಧಕ್ಕಿ ಯಾಕ ಹತ್ತಲಿಲ್ಲ ಅಂದ್ರ ಎದುರಿನವ ಬರೂದ್ರಾಗ ಪಕ್ ಅವನ ಹತ್ರ ಇರ್ತಿದ್ದಿಲ್ಲ. ಇನ್ನೊಂದು, ಎದುರಿನವ ಸೆಂಟರ್ ಲೈನ್ ದಾಟೂವಾಗ ಇಬ್ಬರ ನಡುವ ಅಂತರ ಒಂದೂವರಿ ಸ್ಟಿಕ್ ಉದ್ದ ಇರ್ಬೇಕು. ಮೂರ ಸ್ಟಿಕ್ ಬಿಡವ ಹೆದರಿದವ. ದಾಟಿಸಿಕೊಂಡ ಮ್ಯಾಲ ಪಕ್ ಹಿಂದ ಓಡ್ತಾನೋ, ಗೋಲ್ ಮುಂದ ಬರ್ತಾನೋ, ಅದನ್ನೂ ಬರಕೋತೀನಿ. ಕೊನಿಗೆ ಇಬ್ಬರು ಉಳಿದ್ರ ಒಂದ ಪ್ರಶ್ನೆ ಕೇಳ್ತೀನಿ, ಅದನ್ನ ಇಲ್ಲಿ ಬರಿಯೂದಿಲ್ಲ, ಮುಂದಿನ ಟ್ರಯಲ್ಸ್‌ಗೆ ಬೇಕು.

ನಡುವ ಕಬಡ್ಡಿ ಹುಡುಗ್ರನ್ನೂ ತಂದು ನೋಡಿದ್ವಿ, ಪುಣೆದಾಗ ಅವ್ರಿಗೇನು ಕಡಿಮಿ ಇಲ್ಲ. ಕಾರ್ನರ್ ಆಡವ್ರಿಗೆ ತಾಳ್ಮಿ, ಅಂತರ ಎರಡೂ ರಕ್ತದಾಗ ಅದ, ಸ್ಕೇಟ್ ಇಲ್ಲದ ಬರೇ ಶೂ ಮ್ಯಾಲ ಆಡಿದಾಗ ಒಬ್ಬನ್ನೂ ದಾಟಗೊಡ್ಲಿಲ್ಲ. ಆದ್ರ 14ರ ಮ್ಯಾಲ ಸ್ಕೇಟ್ ಕಲಿಸೂದು ತ್ರಾಸ, ಸ್ಕೇಟ್ಸ್‌ಗ ಒಬ್ಬೊಬ್ಬಗ 12-15 ಸಾವಿರ, ಅಲ್ಲಿಗೆ ನಿಲ್ಲಿಸಿದ್ವಿ.

ಐಸ್ ಮ್ಯಾಲ ಹಿಂದಕ್ಕ ಹೋಗೂದು, ತಿರಗೂದು ಎರಡು-ಮೂರ ದಿನದಾಗ ಬರ್ತದ, ನಿಲ್ಲೂದ ಬರೂದಿಲ್ಲ. ಗಾಲಿ ಮ್ಯಾಲ ಕಲಿತ ಬ್ರೇಕ್ ಅಲ್ಲಿ ನಡಿಯೂದಿಲ್ಲ, ಬ್ಲೇಡ್ ಅಡ್ಡ ಹಾಕಿ ಕೆರಿಬೇಕು. ಮ್ಯಾಲ ಲೇಹ್ ಅಂದ್ರ 3500 ಮೀಟರ್, ಮೊದಲಿನ ದಿನದ ಆಟ ನೋಡಿ ಯಾರಿಗೂ ಮಾರ್ಕ್ಸ್ ಕೊಡಬ್ಯಾಡ್ರಿ. ಒಬ್ಬ ಹುಡುಗಗ ಹೋಗಿ ಬರೂ ಖರ್ಚ 35-40 ಸಾವಿರ, ಅದಕ್ಕ ಇಲ್ಲೇ ಸರಿಯಾಗಿ ಆರಿಸೂದು ಮುಖ್ಯ.

ಎತ್ತರ ನೋಡಿ, ಹುಡುಗ ಸಣ್ಣವ ಅಂತ ಈಗಲೇ ಬಿಡವ್ರಿಗೆ ಒಂದ ಮಾತು. ಎನ್‌ಎಚ್‌ಎಲ್ ಅಂದ್ರ ಅಮೆರಿಕ-ಕೆನಡಾದ ದೊಡ್ಡ ಐಸ್ ಹಾಕಿ ಲೀಗ್, ಅಲ್ಲಿ ಹೊಸ ಹುಡುಗ್ರನ್ನ ಒಬ್ಬೊಬ್ಬರಾಗಿ ಆರಿಸೂದಕ್ಕ ಡ್ರಾಫ್ಟ್ ಅಂತಾರ. ಡಿಫೆನ್ಸ್ ಆಡೂ ಆಡಮ್ ಫಾಕ್ಸ್ 2016ರ ಡ್ರಾಫ್ಟ್‌ನ್ಯಾಗ 66ನೇದವ, 2021ರಾಗ ಬೆಸ್ಟ್ ಡಿಫೆನ್ಸ್ ಆಟಗಾರಗ ಕೊಡೂ ನಾರಿಸ್ ಟ್ರೋಫಿ ಗೆದ್ದ. ಇನ್ನೊಬ್ಬ ಡಿಫೆನ್ಸ್‌ನವ ನಿಕ್ಲಾಸ್ ಲಿಡ್‌ಸ್ಟ್ರಾಮ್ 1989ರಾಗ 53ನೇದವ, ನಾರಿಸ್ ಗೆದ್ದದ್ದು 7 ಸಲ. ಡಿಫೆನ್ಸ್‌ನವ್ರು ತಡಾಗಿ ಪಕ್ವ ಆಗ್ತಾರ. ನಾ ಹೆಸರಿನ ಬಾಜೂಕ ಹುಟ್ಟಿದ ತಿಂಗಳಾ ಬರಿತೀನಿ, ಡಿಸೆಂಬರ್ ಹುಡುಗ ಅದ ವರ್ಷದ ಜನವರಿ ಹುಡುಗನ ಮುಂದ ಸಣ್ಣ ಕಾಣೂದು ಸಹಜ.

ಇನ್ನ ಸ್ಟಿಕ್. ಸ್ಟಿಕ್ ಬ್ಲೇಡ್ (ಕೆಳಗಿನ ಪಟ್ಟಿ) ಎಡಕ್ಕೋ ಬಲಕ್ಕೋ ಬಾಗಿರ್ತದ, ಅಂಗಡ್ಯಾಗ ಯಾವ ಕರ್ವ್ ಸಿಗ್ತದೋ ಅದನ್ನ ಕೊಡಸ್ತಾರ, ಹುಡುಗನ ಸಹಜ ಕೈ ಹಾಳಾಗ್ತದ. ಮೊದಲಿನ ದಿನ ನೆಟ್ಟಗಿನ ಬ್ಲೇಡ್ ಕೊಡ್ರಿ, ಯಾವ ಕೈ ತಾನಾಗೇ ಕೆಳಗ ಹೋಗ್ತದ ನೋಡ್ರಿ. ಬಲಗೈ ಕೆಳಗ ಹಿಡಿಯೂ ಡಿಫೆನ್ಸ್ ಹುಡುಗ್ರು ಎಲ್ಲಾ ಕಡೆ ಕಡಿಮಿ, ಸಿಕ್ರ ಬಿಡಬ್ಯಾಡ್ರಿ.