ಮನೆಪತ್ರ ತಡವಾಯ್ತು, ದಿನಕ್ಕೆ ಐದು ಸಾವಿರ ಬಂತು

ಗೃಹಸಾಲ ತೀರಿದ ಮೇಲೆ ಮೂಲ ಕ್ರಯಪತ್ರ ತಡವಾದರೆ ಬ್ಯಾಂಕು ದಿನಕ್ಕೆ 5,000 ರೂ. ಕೊಡಬೇಕು ಅಂದಾಗ ನಕ್ಕವರೇ ಹೆಚ್ಚು. ದುಡ್ಡು ಖಾತೆಗೆ ಬಿದ್ದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಆಧಾರ ರಿಸರ್ವ್ ಬ್ಯಾಂಕಿನ 2023ರ ಸೆಪ್ಟೆಂಬರ್ 13ರ ಸುತ್ತೋಲೆ. ಜಾರಿ ಅದೇ ವರ್ಷದ ಡಿಸೆಂಬರ್ 1ರಿಂದ. ಸಾಲ ತೀರಿದ 30 ದಿನದೊಳಗೆ ಪತ್ರಗಳೂ ಕೈಸೇರಬೇಕು, ನೋಂದಾಯಿಸಿದ ಋಣಭಾರವೂ ಇಳಿಯಬೇಕು. ಪತ್ರ ಕೈಗೆ ಬಂತೆಂದು ಸುಮ್ಮನಾಗಬೇಡಿ, ಎಂಓಡಿ (ಪತ್ರ ಅಡವಿಟ್ಟದ್ದರ ನೋಂದಣಿ) ರದ್ದಾದದ್ದು ಇಸಿಯಲ್ಲಿ, ಅಂದರೆ ಋಣಭಾರ ಪ್ರಮಾಣಪತ್ರದಲ್ಲಿ, ಕಾಣಬೇಕು.

ಎಡವಿದ್ದು ಮೂರು ಕಡೆ. ಮೊದಲು ಫೋನಿನಲ್ಲಿ ದೂರಿದ್ದು, ಕಾಗದವೇ ಇಲ್ಲ. ಆಮೇಲೆ ನಾಲ್ಕು ಸಾವಿರದಷ್ಟು ಕೊಟ್ಟು ವಕೀಲರ ನೋಟಿಸು. ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೂ ಅವರ ಮೂಲಕವೇ ಹೋದೆ, ಬಾಗಿಲಲ್ಲೇ ತಿರಸ್ಕಾರ. ವಕೀಲರ ಮೂಲಕ ದೂರು ನಡೆಯದು. ಮೂರನೆಯದು ಅವಸರ: ಬ್ಯಾಂಕಿಗೆ ಬರೆದು ಇಪ್ಪತ್ತು ಚಿಲ್ಲರೆ ದಿನಕ್ಕೇ ಒಂಬುಡ್ಸ್‌ಮನ್ ದೂರಿನ ಸಿಎಂಎಸ್ ಪೋರ್ಟಲ್‌ನಲ್ಲಿ ಹಾಕಿದೆ. ಉತ್ತರ ಬರದಿದ್ದರೆ 30 ದಿನ ಕಾಯಲೇಬೇಕು. ಒಂದೂವರೆ ತಿಂಗಳು ಹೀಗೇ ಹೋಯಿತು.

ಕೊನೆಗೆ ಕೆಲಸ ಮಾಡಿದ್ದು ಒಂದೇ ಪುಟದ ಪತ್ರ. ಸಾಲದ ಖಾತೆ ಸಂಖ್ಯೆ, ಮುಗಿದ ದಿನ, 30ನೇ ದಿನ ಯಾವುದು, ತಡವಾದ ದಿನ ಎಷ್ಟು, ಗುಣಿಸಿದ ಮೊತ್ತ. ಗೋಳು ಬೇಡ, ಬೈಗುಳವಂತೂ ಬೇಡವೇ ಬೇಡ. ಬ್ಯಾಂಕಿನಿಂದ ಮೊದಲು ಬಂದ ಕೊಡುಗೆ ಹತ್ತು ಸಾವಿರ, ಅದೂ ‘ಸೌಹಾರ್ದಕ್ಕಾಗಿ’.

ನಿಜವಾದ ಜಗಳ ನಡೆದದ್ದು ದಿನ ಎಣಿಸುವುದರಲ್ಲಿ. ಪತ್ರ ಕಳೆದುಹೋದರೆ ನಕಲು ಮಾಡಿಸಿಕೊಡಲು ಬ್ಯಾಂಕಿಗೆ ಇನ್ನೂ 30 ದಿನ ಸಿಗುತ್ತದೆ, ಖರ್ಚು ಅವರದು, ಲೆಕ್ಕ 61ನೇ ದಿನದಿಂದ. ಇವರು ‘ಕಳೆದಿದೆ’ ಅಂದರು; ಆಮೇಲೆ ಅದೇ ಮೂಲಪತ್ರವನ್ನು ಕೇಂದ್ರ ಉಗ್ರಾಣದಿಂದ ತರಿಸಿಕೊಟ್ಟರು, 104ನೇ ದಿನದ ಹೊತ್ತಿಗೆ. ಅವರ ಲೆಕ್ಕ 44 ದಿನ, 2.2 ಲಕ್ಷ. ನನ್ನದು 74 ದಿನ, 3.7 ಲಕ್ಷ. ಸಿಕ್ಕದ್ದಕ್ಕೆ ಕಳೆದದ್ದರ ರಿಯಾಯಿತಿ ಹೇಗೆ? ಪತ್ರದ ಪೊಟ್ಟಣ ಎಲ್ಲಿತ್ತೆಂದು ಅವರಿಂದಲೇ ಹೇಗೆ ಬರೆಸಿಕೊಂಡೆ ಎನ್ನುವುದು ನನ್ನ ಬಳಿಯೇ ಇರಲಿ. ರಾಜಿಯಲ್ಲಿ ನನ್ನ ಲೆಕ್ಕವೇ ನಿಂತಿತು.

ಪತ್ರ ಒಪ್ಪಿಸುವಾಗ ಸಹಿಗೆ ಕೊಡುವ ರಸೀದಿಯಲ್ಲಿ ‘ಯಾವ ತಕರಾರೂ ಇಲ್ಲ’ ಎಂಬ ಸಾಲು ಸಣ್ಣಕ್ಷರದಲ್ಲಿ ಕೂತಿರುತ್ತದೆ. ಹೊಡೆದುಹಾಕಿ, ‘ತಡದ ಪರಿಹಾರದ ಹಕ್ಕು ಉಳಿಸಿಕೊಂಡು ಪಡೆದಿದ್ದೇನೆ’ ಎಂದು ಬರೆದು, ಫೋಟೋ ತೆಗೆದು, ಆಮೇಲೆ ಸಹಿ. ಪೊಟ್ಟಣ ಅಲ್ಲೇ ಬಿಚ್ಚಿ, ಸಾಲ ಕೊಟ್ಟಾಗಿನ ಪಟ್ಟಿಗೆ ತಾಳೆ ನೋಡಿ. ಹಿಂದಿನ ಮಾಲೀಕರ ಮೂಲಪತ್ರವೇ ಸಾಮಾನ್ಯವಾಗಿ ಬಿಟ್ಟುಹೋಗಿರುವುದು. ನಿಜಕ್ಕೂ ಕಳೆದಿದ್ದರೆ ಪೊಲೀಸ್ ದೂರಿನಲ್ಲಿ ‘ನಾನು ಕಳೆದುಕೊಂಡೆ’ ಎಂದು ಬರೆದು ಕೊಡಬೇಡಿ. ಬ್ಯಾಂಕಿನ ವಶದಲ್ಲಿದ್ದಾಗ ಕಳೆದದ್ದು ಎಂದೇ ಇರಬೇಕು.

ಇದೇ ಹುಮ್ಮಸ್ಸಿನಲ್ಲಿ ಸಾಲದ ದಾಖಲೆ ಇಡುವ ಸಿಬಿಲ್‌ನಲ್ಲಿ ಸಾಲ ಇನ್ನೂ ಬಾಕಿ ಎಂದು ತೋರಿಸುತ್ತಿದ್ದುದಕ್ಕೂ ದೂರು ಹಾಕಿದೆ. ದೂರು ಬಗೆಹರಿಯದೆ 30 ದಿನ ಮೀರಿದರೆ ದಿನಕ್ಕೆ 100 ರೂ. ಬಂದದ್ದು ಸಾವಿರದ ಚಿಲ್ಲರೆ. ಪತ್ರ ವ್ಯವಹಾರದ ಶ್ರಮಕ್ಕೂ ಸಾಲದು, ಆದರೆ ತಪ್ಪು ದಾಖಲೆ ಅದೇ ವಾರ ಸರಿಯಾಯಿತು.